ಅಜ್ಜಿಯ ಗೂನು, ಚಿಕ್ಕಮ್ಮನ ಫಿಲ್ಮು

ದಾವಣಗೆರೆಯಲ್ಲಿ ತೆಗೆಸಿದ ಚಿಕ್ಕಮ್ಮನ ಎಂಆರ್‌ಐ ಫಿಲ್ಮನ್ನು ಮನೆಗೆ ತಂದ ದಿನ, ಸಂಜೆಯ ಬೆಳಕಿಗೆ ಅದನ್ನು ಹಿಡಿದು ಮನೆಮಂದಿಯೆಲ್ಲ ನೋಡಿದೆವು. ನಮ್ಮಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಆದರೂ ಒಂದರ ಮೇಲೊಂದು ಪೇರಿಸಿಟ್ಟ ಚೌಕಗಳ ಸಾಲಿನಲ್ಲಿ ಎರಡು ಮಾತ್ರ ಉಳಿದವುಗಳ ಹಾಗಿಲ್ಲ ಎನ್ನುವುದು ಎಲ್ಲರ ಕಣ್ಣಿಗೂ ಬಿತ್ತು. ಎಂಬತ್ತರ ಹತ್ತಿರದ ಅಜ್ಜಿಗೆ ತಲೆ ಎತ್ತಿ ನೋಡಲಾಗುವುದಿಲ್ಲ, ಅವಳ ಬೆನ್ನು ಗೂನು. ಮಡಿಲಲ್ಲಿ ಬಿಳಿ ಟವೆಲ್ಲು ಹಾಸಿಕೊಂಡು ಫಿಲ್ಮನ್ನು ಅದರ ಮೇಲೆ ಇಡಿಸಿಕೊಂಡಳು. ಸ್ವಲ್ಪ ಹೊತ್ತು ನೋಡಿ, ಆ ಎರಡು ಚೌಕಗಳ ಮೇಲೆ ಬೆರಳಿಟ್ಟು, ‘ನಂದೂ ಇಲ್ಲೇ’ ಅಂದಳು.

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಹಳೆಯ ಕಡತಗಳನ್ನು ಓದುವುದು ನನ್ನ ಕೆಲಸ. ಆದರೆ ನಮ್ಮ ಮನೆಯೊಳಗೇ ಐವತ್ತಕ್ಕೂ ಹೆಚ್ಚು ವರ್ಷದಿಂದ ಓಡಾಡುತ್ತಿದ್ದ ಒಂದು ದಾಖಲೆಯನ್ನು ನಾನು ಓದಿರಲೇ ಇಲ್ಲ ಎಂದು ಅವತ್ತು ಅನ್ನಿಸಿತು. ಆ ಎರಡು ಬೆನ್ನುಗಳ ನಡುವಿನ ಕಾಲವನ್ನು ಅರ್ಥ ಮಾಡಿಕೊಳ್ಳಲು ಹೊರಟಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯಿಂದ ಬಹಳ ದೂರವಿಲ್ಲ. ಸುತ್ತ ಅಡಿಕೆ ತೋಟ. ಅಜ್ಜಿಯ ಗೂನಿನ ಬಗ್ಗೆ ಮನೆಯಲ್ಲಿ ಇದ್ದದ್ದು ಒಂದೇ ಕಥೆ. ಇಪ್ಪತ್ತೆರಡರ ಹರೆಯದಲ್ಲಿ, ನನ್ನ ತಾಯಿ ಇನ್ನೂ ಕಂಕುಳ ಕೂಸಾಗಿದ್ದಾಗ, ಬಾವಿಕಟ್ಟೆಯ ಮೇಲೆ ಕೊಡದ ಸಮೇತ ಜಾರಿಬಿದ್ದಳು. ಬೆನ್ನಿನ ಮೂಳೆ ಸರಿಯಿತು. ಎರಡು ವರ್ಷ ಮೂಲೆ ಹಿಡಿದು ಮಲಗಿ, ಎದ್ದಾಗ ಬೆನ್ನು ಹೀಗಾಗಿತ್ತು. ಈ ಕಥೆಯನ್ನು ನಾವ್ಯಾರೂ ಅನುಮಾನಿಸಿರಲಿಲ್ಲ. ಬೀಳುವುದು ಎಲ್ಲರಿಗೂ ಅರ್ಥವಾಗುವ ಸಂಗತಿ. ಬಿದ್ದದ್ದಕ್ಕೆ ದಿನವಿದೆ, ಜಾಗವಿದೆ, ಕಂಡವರಿದ್ದಾರೆ.

ಇಂಥದ್ದೇ ಇನ್ನೊಂದು ಕಥೆಯನ್ನು ನಾನು ಬೇರೆಲ್ಲೋ ಓದಿದ್ದೆ. ಇಟಲಿಯ ಚಿಂತಕ ಅಂತೋನಿಯೋ ಗ್ರಾಮ್ಶಿಯನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಯಿಸಬೇಕಿಲ್ಲ. ಸಾರ್ಡೀನಿಯಾ ದ್ವೀಪದಲ್ಲಿ 1891ರಲ್ಲಿ ಹುಟ್ಟಿದ ಆತನಿಗೆ ಎಳವೆಯಲ್ಲೇ ಬೆನ್ನು ಗೂನಾಯಿತು. ಕೆಲಸದಾಕೆಯ ಕೈಯಿಂದ ಮಗು ಜಾರಿಬಿದ್ದದ್ದೇ ಕಾರಣ ಎಂದು ಮನೆಯವರು ನಂಬಿದ್ದರು. ಗೂನು ನೆಟ್ಟಗಾಗಲಿ ಎಂದು ಮಗುವನ್ನು ತೊಲೆಗೆ ತೂಗುಹಾಕುತ್ತಿದ್ದರೆಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1933ರಲ್ಲಿ, ಮುಸೊಲಿನಿಯ ಸೆರೆಮನೆಯಲ್ಲಿ ಗ್ರಾಮ್ಶಿ ನೆಲಕಚ್ಚಿದಾಗ, ಪರೀಕ್ಷಿಸಿದ ವೈದ್ಯ ಅರ್ಕಾಂಜೆಲಿ ಅದಕ್ಕೆ ಹೆಸರಿಟ್ಟ: ಪಾಟ್ಸ್ ಕಾಯಿಲೆ. ಅಂದರೆ ಬೆನ್ನುಮೂಳೆಯ ಕ್ಷಯ. ಹೆಸರು ಸಿಗುವ ಹೊತ್ತಿಗೆ ಗ್ರಾಮ್ಶಿಗೆ 42 ವರ್ಷ. ಅದಾದ ನಾಲ್ಕು ವರ್ಷಕ್ಕೆ ತೀರಿಕೊಂಡ.

ಸಾರ್ಡೀನಿಯಾದ ಮನೆಗೂ ನಮ್ಮ ಮನೆಗೂ ಸಂಬಂಧವಿಲ್ಲ. ಆದರೂ ಎರಡೂ ಮನೆಯವರು ಒಂದೇ ಕಾರಣ ಹುಡುಕಿದರು. ಕ್ಷಯ ಎಂದರೆ ಕೆಮ್ಮು, ಕಫ, ರಕ್ತ. ಅದು ಎದೆಯ ಕಾಯಿಲೆ. ಬೆನ್ನಿಗೂ ಕ್ಷಯ ಬರುತ್ತದೆ ಎಂಬುದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಹಾಗಾಗಿ ಬಿದ್ದ ನೆನಪೊಂದು ಬೇಕಾಗುತ್ತದೆ. ಹಳ್ಳಿಯ ಬದುಕಿನಲ್ಲಿ ಯಾರು ತಾನೆ ಒಂದಲ್ಲ ಒಂದು ದಿನ ಬಿದ್ದಿರುವುದಿಲ್ಲ?

ಕಾಯಿಲೆ ಮಾತ್ರ ಬಹಳ ಹಳೆಯದು. ಸುಮಾರು 3000 ವರ್ಷದ ಹಿಂದಿನ ಈಜಿಪ್ಟಿನ ಅಮುನ್ ದೇವರ ಪೂಜಾರಿ ನೆಸ್ಪರೆಹಾನನ ಮಮ್ಮಿಯಲ್ಲಿ ಕುಸಿದ ಬೆನ್ನುಮೂಳೆಯನ್ನೂ, ಸೊಂಟದ ಸ್ನಾಯುವಿನಗುಂಟ ಇಳಿದ ಕೀವಿನ ಗುರುತನ್ನೂ 1910ರಲ್ಲಿ ವಿವರಿಸಲಾಯಿತು. ನಮ್ಮಲ್ಲಿ ರಾಜಯಕ್ಷ್ಮ ಎಂಬ ಹೆಸರು ಪುರಾಣದ ಚಂದ್ರನಿಂದ ಹಿಡಿದು ಮಹಾಭಾರತದ ವಿಚಿತ್ರವೀರ್ಯನವರೆಗೆ ಹಬ್ಬಿದೆ. ಹೊಸಗನ್ನಡದ ಹೊಸ್ತಿಲಲ್ಲಿ ನಿಂತ ಮುದ್ದಣನನ್ನು 1901ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗಲೇ ಕೊಂಡೊಯ್ದದ್ದೂ ಇದೇ ಕ್ಷಯ. ಆದರೆ ಪುರಾಣದ ಯಕ್ಷ್ಮವೂ ಪುರಾಣದ ಕುಬ್ಜೆಯೂ ನಮ್ಮ ಕಲ್ಪನೆಯಲ್ಲಿ ಎಂದೂ ಒಂದೇ ಪುಟದಲ್ಲಿ ಬಂದದ್ದಿಲ್ಲ. ಸೊರಗುವವರು ಬೇರೆ, ಬಾಗಿದವರು ಬೇರೆ.

ಬಾಗಿದ ಬೆನ್ನನ್ನು ಒಂದು ಕಾಯಿಲೆಯಾಗಿ ಕೂಲಂಕಷವಾಗಿ ನೋಡಿದವನು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್. 1779ರಲ್ಲಿ ಅವನು ಬರೆದ ಪುಟ್ಟ ಪುಸ್ತಕ, ಬೆನ್ನು ಬಾಗಿದವರಲ್ಲಿ ಕಾಲುಗಳು ಸೋಲುವುದನ್ನು ಕುರಿತದ್ದು. ಲಕ್ವ ಹೊಡೆದ ಕಾಲು ಜೋತುಬೀಳುತ್ತದೆ, ಈ ರೋಗಿಗಳ ಕಾಲು ಹಾಗಲ್ಲ, ಅದು ಬಿಗಿಯುತ್ತದೆ ಎಂದು ಅವನು ಗುರುತಿಸಿದ. ಮೂಳೆಯೇ ಕೊಳೆಯುತ್ತಿದೆ, ಗೂನು ಅದರ ಫಲ ಎಂದು ಕಂಡುಕೊಂಡ. ಬೆನ್ನಿನ ಪಕ್ಕದಲ್ಲಿ ಹುಣ್ಣು ಮಾಡಿ ಕೀವು ಹರಿಸುವುದು ಅವನ ಚಿಕಿತ್ಸೆ. ಕ್ಷಯದ ಹೆಸರನ್ನು ಅವನು ಎತ್ತಲಿಲ್ಲ. ಆ ಕೊಂಡಿ ಬೆಸೆದದ್ದು ಮುಂದಿನ ಶತಮಾನದ ವೈದ್ಯರು. ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ್ದು 1882ರ ಮಾರ್ಚ್ 24ರಂದು.

ಪಾಟ್‌ನ ಬಳಿ ಇದ್ದ ಸಲಕರಣೆ ಕಣ್ಣು ಮತ್ತು ಕೈ. ಬೆನ್ನ ಮೇಲೆ ಬೆರಳಾಡಿಸಿದಾಗ ಒಂದು ಗಂಟು ತಡೆಯಬೇಕು, ಆಗಲೇ ಕಾಯಿಲೆ ಪತ್ತೆ. ಆದರೆ ಗೂನು ಈ ಕಾಯಿಲೆಯ ಆರಂಭವಲ್ಲ. ಶ್ವಾಸಕೋಶದಿಂದಲೋ ಬೇರೆಡೆಯಿಂದಲೋ ರೋಗಾಣು ರಕ್ತದಲ್ಲಿ ತೇಲಿ ಬಂದು ಬೆನ್ನಿನ ಬಿಲ್ಲೆಯ ಅಕ್ಕಪಕ್ಕದ ಮೂಳೆಯಲ್ಲಿ ನೆಲೆಸುತ್ತದೆ. ತಿಂಗಳುಗಟ್ಟಲೆ ಮೂಳೆಯ ಮುಂಭಾಗವನ್ನು ತಿನ್ನುತ್ತದೆ. ಕಾವಿಲ್ಲದ, ಕೆಂಪಿಲ್ಲದ ಕೀವು ತುಂಬುತ್ತದೆ. ಮುಂಭಾಗ ಟೊಳ್ಳಾದ ಮೂಳೆ ಮೇಲಿನ ಭಾರಕ್ಕೆ ಮುಂದಕ್ಕೆ ಕುಸಿದಾಗ ಬೆನ್ನು ಹಿಂದಕ್ಕೆ ಚೂಪಾಗುತ್ತದೆ. ಅದೇ ಗೂನು. ನಮ್ಮಪ್ಪ ಅಡಿಕೆ ಮರದ ತಲೆ ಸಣ್ಣದಾಗಿ ಸೋಗೆ ಗಿಡ್ಡವಾದರೆ ಹಿಡಿಮುಂಡಿಗೆ ಎಂದು ತಿಳಿದು, ತೋಟದಲ್ಲಿ ಬಸಿಗಾಲುವೆ ಕಟ್ಟಿದೆಯೇ ನೋಡಲು ಹೋಗುತ್ತಾರೆ. ಮರ ಒಣಗುವವರೆಗೆ ಕಾಯುವುದಿಲ್ಲ. ಗೂನು ನೋಡಿ ಬೆನ್ನುಕ್ಷಯ ಎನ್ನುವುದು ಒಣಗಿದ ಮರ ನೋಡಿ ರೋಗವಿತ್ತು ಎಂದಂತೆ.

ಆದ್ದರಿಂದ ಪಾಟ್‌ನ ನಂತರದ ಇನ್ನೂರು ವರ್ಷಗಳ ಕಥೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ಗೂನು ಕಾಣುವ ಮೊದಲೇ ಅದನ್ನು ಕಾಣುವುದು ಹೇಗೆ?

ಮೊದಲ ಉತ್ತರ ಸಿಕ್ಕಿದ್ದು 1895ರ ನವೆಂಬರ್ 8ರಂದು, ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ. ರಾಂಟ್‌ಜೆನ್ ಕಂಡ ಆ ಕಿರಣಗಳು ಮಾಂಸವನ್ನು ದಾಟಿ ಮೂಳೆಯ ನೆರಳು ಬೀಳಿಸಿದವು. ಕೆಲವೇ ವರ್ಷಗಳಲ್ಲಿ ಎಕ್ಸ್‌ರೇ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಹರಡಿತು. ಅಕ್ಕಪಕ್ಕದ ಎರಡು ಮೂಳೆಗಳ ಅಂಚು ಮಸುಕಾಗಿದೆಯೇ, ನಡುವಿನ ಸಂದು ಕಿರಿದಾಗಿದೆಯೇ, ಪಕ್ಕದಲ್ಲಿ ಕೀವಿನ ಉಬ್ಬು ನೆರಳಿದೆಯೇ ಎಂದು ವೈದ್ಯರು ಓದಲು ಕಲಿತರು. ಆದರೆ ಎಕ್ಸ್‌ರೇ ಕಾಣುವುದು ಮೂಳೆಯ ಸುಣ್ಣವನ್ನು. ಒಂದು ಮೂಳೆಯ ಖನಿಜಾಂಶ ಶೇ. 30ರಿಂದ 40ರಷ್ಟು ಕರಗುವವರೆಗೆ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದರೆ ಮೂಳೆ ಸರಿಯಿದೆ ಎಂದಲ್ಲ, ಇನ್ನೂ ಸಾಕಷ್ಟು ಸುಣ್ಣ ಉಳಿದಿದೆ ಎಂದು. ಈ ಒಂದು ವಾಕ್ಯ ನನಗೆ ಗೊತ್ತಿದ್ದರೆ ಚಿಕ್ಕಮ್ಮನ ಐದು ತಿಂಗಳು ಉಳಿಯುತ್ತಿತ್ತೇನೋ.

ಎರಡನೆಯ ಉತ್ತರ ಬಂದದ್ದು ರಕ್ತದಿಂದ. ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯೆರ್ನಾಕಿ 1897ರಲ್ಲಿ ಗಮನಿಸಿದ ಸಂಗತಿ ಬಹಳ ಸರಳ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಕೊಳವೆಯಲ್ಲಿ ನಿಲ್ಲಿಸಿದರೆ ಕೆಂಪು ಕಣಗಳು ಮೆಲ್ಲಗೆ ತಳಕ್ಕಿಳಿಯುತ್ತವೆ, ಕೆಲವು ಕಾಯಿಲೆಗಳಲ್ಲಿ ಬೇಗ ಇಳಿಯುತ್ತವೆ. 1918ರಲ್ಲಿ ಸ್ವೀಡನ್ನಿನ ರಾಬಿನ್ ಫಾರಿಯಸ್ ಗರ್ಭಿಣಿಯರ ರಕ್ತದಲ್ಲಿ ಇದನ್ನೇ ಕಂಡ. ಅದೇ ದೇಶದ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಶ್ವಾಸಕೋಶದ ಕ್ಷಯರೋಗಿಗಳ ರಕ್ತವನ್ನು ಅಳೆದು ಪರೀಕ್ಷೆಗೆ ಒಂದು ಕ್ರಮ ಕೊಟ್ಟ. ಇವತ್ತು ಚನ್ನಗಿರಿಯ ಬಸ್ ನಿಲ್ದಾಣದ ಸುತ್ತಲಿನ ಯಾವ ಲ್ಯಾಬಿಗೆ ಹೋದರೂ ಬರೆದುಕೊಡುವ ಇಎಸ್‌ಆರ್ ಅದೇ. ಒಂದು ಗಂಟೆಯಲ್ಲಿ ಕಣಗಳು ಎಷ್ಟು ಮಿಲಿಮೀಟರ್ ಇಳಿದವು ಎಂಬ ಲೆಕ್ಕ. ದೇಹದಲ್ಲಿ ಎಲ್ಲೋ ಉರಿಯೂತವಿದ್ದರೆ ರಕ್ತದಲ್ಲಿ ಫೈಬ್ರಿನೋಜೆನ್‌ನಂಥ ಪ್ರೋಟೀನುಗಳು ಹೆಚ್ಚುತ್ತವೆ. ಕಣಗಳು ನಾಣ್ಯಗಳಂತೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ಕುಳಿತುಬಿಡುತ್ತವೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಸಿಆರ್‌ಪಿ ಇದರ ತಂಗಿಯಿದ್ದಂತೆ. ಬೇಗ ಏರುತ್ತದೆ, ಚಿಕಿತ್ಸೆ ಹತ್ತಿದರೆ ಬೇಗ ಇಳಿಯುತ್ತದೆ.

ಇವೆರಡೂ ಹೇಳುವುದು ಎಲ್ಲೋ ಹೊಗೆಯಾಡುತ್ತಿದೆ ಎಂದಷ್ಟೇ. ಎಲ್ಲಿ, ಏಕೆ ಎಂದು ಹೇಳುವುದಿಲ್ಲ. ಸಂಧಿವಾತದಲ್ಲೂ ಇಎಸ್‌ಆರ್ ಏರುತ್ತದೆ, ಕ್ಯಾನ್ಸರಿನಲ್ಲೂ ಏರುತ್ತದೆ, ರಕ್ತಹೀನತೆಯಲ್ಲೂ ಏರುತ್ತದೆ. ಕೆಲವರಿಗೆ ಬೆನ್ನುಕ್ಷಯವಿದ್ದರೂ ಏರದೆ ಇರುತ್ತದೆ. ರಕ್ತದಲ್ಲೇ ಕ್ಷಯದ ಹೆಸರು ಓದಿಬಿಡುವ ಆಸೆಯಿಂದ ಹುಟ್ಟಿದ ಪ್ರತಿಕಾಯ ಪರೀಕ್ಷೆಗಳು ನಮ್ಮ ದೇಶದಲ್ಲಿ ಬಹಳ ಕಾಲ ಮಾರಾಟವಾದವು. ಇಲ್ಲದವರಿಗೆ ಇದೆಯೆಂದೂ ಇದ್ದವರಿಗೆ ಇಲ್ಲವೆಂದೂ ಹೇಳುತ್ತಿದ್ದ ಅವುಗಳನ್ನು ಬಳಸಬೇಡಿ ಎಂದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. 2012ರಲ್ಲಿ ಭಾರತ ಸರ್ಕಾರ ನಿಷೇಧಿಸಿತು. ರಕ್ತ ಸುಳಿವು ಕೊಡುತ್ತದೆ, ಸಾಕ್ಷಿ ನುಡಿಯುವುದಿಲ್ಲ ಎಂಬ ಪಾಠ ದುಬಾರಿಯಾಗಿಯೇ ಬಂತು.

ಇಷ್ಟೆಲ್ಲ ಲಂಡನ್ನು, ಬರ್ಲಿನ್ನು, ಸ್ವೀಡನ್ನುಗಳಲ್ಲಿ ಆಗುತ್ತಿದ್ದಾಗ ನಮ್ಮ ಕಡೆ ಏನಾಗುತ್ತಿತ್ತು? ಮೈಸೂರು ಅರಮನೆಯೂ ಕ್ಷಯದಿಂದ ತಪ್ಪಿಸಿಕೊಂಡಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಈ ಕಾಯಿಲೆಗೆ ಬಲಿಯಾದರು. ಅವರ ನೆನಪಿಗೆ ಮೈಸೂರಿನಲ್ಲಿ 1921ರಲ್ಲಿ ತೆರೆದ ಆರೋಗ್ಯಧಾಮವನ್ನು ಇಂದಿಗೂ ಪಿಕೆಟಿಬಿ ಎಂದೇ ಕರೆಯುತ್ತಾರೆ. ಗಾಳಿ, ಬೆಳಕು, ಹಾಲು, ಮೊಟ್ಟೆ, ವಿಶ್ರಾಂತಿ ಇವೇ ಆಗಿನ ಔಷಧಿ. ಬೆನ್ನುಕ್ಷಯದವರಿಗಾದರೆ ತಿಂಗಳುಗಟ್ಟಲೆ ಗಾರೆಪಟ್ಟಿ ಕಟ್ಟಿಸಿಕೊಂಡು ಅಲುಗಾಡದೆ ಮಲಗುವ ಶಿಕ್ಷೆ. ಕೋಲಾರದ ಗಡಿಯಾಚೆ ಮದನಪಲ್ಲಿಯಲ್ಲಿ 1915ರಲ್ಲೇ ಮಿಷನರಿಗಳು ತೆರೆದಿದ್ದ ಆರೋಗ್ಯವರಂ ಕೂಡ ದಕ್ಷಿಣದ ರೋಗಿಗಳ ದೊಡ್ಡ ಆಸರೆಯಾಗಿತ್ತು.

ಸ್ವಾತಂತ್ರ್ಯ ಬರುವ ಹೊತ್ತಿಗೆ ಔಷಧಿ ಬಂತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್. ಅಲ್ಲಿಯವರೆಗೆ ಕ್ಷಯವೆಂದರೆ ಪಟ್ಟಣದ, ಗಿರಣಿಯ, ಗಲ್ಲಿಯ ಕಾಯಿಲೆ ಎಂಬ ನಂಬಿಕೆಯಿತ್ತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಅದನ್ನು ಸುಳ್ಳು ಮಾಡಿತು. ಹಳ್ಳಿಗಳಲ್ಲೂ ಪಟ್ಟಣಗಳಷ್ಟೇ ಕ್ಷಯವಿತ್ತು. ಆರೋಗ್ಯಧಾಮದಲ್ಲಿ ಮಲಗದೆ ಮನೆಯಲ್ಲೇ ಮಾತ್ರೆ ತಿಂದರೂ ಅಷ್ಟೇ ಗುಣವಾಗುತ್ತದೆ ಎಂದು ಮದ್ರಾಸಿನ ಪ್ರಯೋಗ 1959ರಲ್ಲಿ ಜಗತ್ತಿಗೆ ತೋರಿಸಿತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ 1960ರ ಸೆಪ್ಟೆಂಬರ್ 16ರಂದು ಉದ್ಘಾಟಿಸಿದರು.

ಆ ಸಂಸ್ಥೆಯವರು ತಮ್ಮ ಅಧ್ಯಯನಕ್ಕೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಚನ್ನಗಿರಿಯವರಿಗೆ ಅದು ಚಿತ್ರದುರ್ಗದ ಸೀಮೆ ದಾಟಿದರೆ ಸಿಗುವ ನಾಡು, ಬೇರೆ ಲೋಕವಲ್ಲ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು ಅಲ್ಲಿ ಕೇಳಿದ ಪ್ರಶ್ನೆ ಸಣ್ಣದು. ಎಕ್ಸ್‌ರೇಯಲ್ಲಿ ಕ್ಷಯ ಕಂಡುಬಂದ ಹಳ್ಳಿಗರಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತೇ? ಗೊತ್ತಿದ್ದರೆ ಏನು ಮಾಡಿದ್ದರು? ಹಳ್ಳಿಯ ಜನಕ್ಕೆ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. 1963ರಲ್ಲಿ ಪ್ರಕಟವಾದ ಉತ್ತರ ಅದಕ್ಕೆ ತದ್ವಿರುದ್ಧ. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಮುಕ್ಕಾಲು ಪಾಲಿನಷ್ಟು ಜನ ಅದರಿಂದ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಜನ ಪರಿಹಾರ ಹುಡುಕಿಕೊಂಡು ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿಯ ಬಾಟಲಿ.

ಅದು ಶ್ವಾಸಕೋಶದ ಕ್ಷಯದ ಅಧ್ಯಯನ, ಬೆನ್ನಿನದ್ದಲ್ಲ. ಆದರೂ ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅಜ್ಜಿ. ಅವಳ ಬೆನ್ನು ನೋಯಲು ಶುರುವಾದದ್ದು 1965ರ ಸುಮಾರು. ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಐಸೋನಿಯಾಜಿಡ್ ಬಂದು 13 ವರ್ಷವಾಗಿತ್ತು. ಮದ್ರಾಸಿನ ಪ್ರಯೋಗ ಮುಗಿದು ಆರು ವರ್ಷ. ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮೂರು ವರ್ಷ. ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ 1965ರಲ್ಲಿ. ಅಂದರೆ ಅಜ್ಜಿ ಔಷಧಿಯಿಲ್ಲದ ಕಾಲದಲ್ಲಿ ಬಾಗಲಿಲ್ಲ. ಔಷಧಿಯಿದ್ದ ಕಾಲದಲ್ಲಿ, ಹೆಸರಿಲ್ಲದ್ದರಿಂದ ಬಾಗಿದಳು.

ಈ ಮಾತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಬೆನ್ನುಕ್ಷಯಕ್ಕೆ ಹಾಂಗ್‌ಕಾಂಗಿನಲ್ಲಿ ಹಾಡ್ಜ್‌ಸನ್ ಮತ್ತು ಸ್ಟಾಕ್ 1956ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯ ದಾರಿ ತೋರಿಸಿದ್ದರು. ಎಲ್ಲರಿಗೂ ಅದು ಬೇಕೇ ಎಂದು ತಿಳಿಯಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ದೇಶಗಳಲ್ಲಿ ಪ್ರಯೋಗ ಮಾಡಿಸಿತು. ಕೊರಿಯಾದ ಮಸಾನ್‌ನಲ್ಲಿ ಆರು ತಿಂಗಳು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿದವರನ್ನೂ, ಮೊದಲಿನಿಂದಲೇ ಓಡಾಡಿಕೊಂಡು ಮಾತ್ರೆ ತಿಂದವರನ್ನೂ ಹೋಲಿಸಿದರು. ಮಲಗಿದ್ದರಿಂದ ಹೆಚ್ಚಿನ ಲಾಭವಿಲ್ಲ ಎಂದು ಗೊತ್ತಾಯಿತು. ಬನಾರಸಿನ ಎಸ್.ಎಂ. ತೂಲಿ 1975ರಲ್ಲಿ ಇದನ್ನೇ ನಮ್ಮ ಬಡ ರೋಗಿಗಳಿಗೆ ಹೊಂದುವಂತೆ ‘ಮಧ್ಯಮ ಮಾರ್ಗ’ವಾಗಿ ಬೆಳೆಸಿದರು: ಮೊದಲು ಔಷಧಿ, ಅದಕ್ಕೆ ಬಗ್ಗದಿದ್ದರೆ ಅಥವಾ ಕಾಲಿನ ಬಲ ಕುಂದುತ್ತಿದ್ದರೆ ಶಸ್ತ್ರಚಿಕಿತ್ಸೆ. ಹೀಗೆ ಮಾತ್ರೆಯೇ ಮುಖ್ಯವಾದಾಗ, ಒಬ್ಬರ ಬೆನ್ನು ನೆಟ್ಟಗೆ ಉಳಿಯುವುದೋ ಬಾಗುವುದೋ ಎಂಬುದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೇಲೆ ನಿಂತಿತು. ಯಾವಾಗ ಗೊತ್ತಾಯಿತು?

ಆ ‘ಯಾವಾಗ’ವನ್ನು ಬಹಳ ಹಿಂದಕ್ಕೆ ತಂದದ್ದು ಎಂಆರ್‌ಐ. ಇದರ ಬಗ್ಗೆ ಲಾಟರ್‌ಬರ್ 1973ರಲ್ಲಿ ಬರೆದ. 2003ರಲ್ಲಿ ಅವನಿಗೂ ಮ್ಯಾನ್ಸ್‌ಫೀಲ್ಡ್‌ಗೂ ನೊಬೆಲ್ ಬಂತು. ಎಕ್ಸ್‌ರೇ ಸುಣ್ಣವನ್ನು ಕಂಡರೆ ಎಂಆರ್‌ಐ ನೀರನ್ನು ಕಾಣುತ್ತದೆ. ಬಲವಾದ ಅಯಸ್ಕಾಂತದೊಳಗೆ ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಕಣಗಳು ಹೊರಡಿಸುವ ಸಂಕೇತವೇ ಅದರ ಚಿತ್ರ. ಮೂಳೆಯಲ್ಲಿ ಸೋಂಕು ಹತ್ತಿದೊಡನೆ ಸುಣ್ಣ ಕರಗುವ ಮೊದಲೇ ಮಜ್ಜೆಯಲ್ಲಿ ನೀರು ಸೇರುತ್ತದೆ. ಎಕ್ಸ್‌ರೇ ‘ಸರಿಯಿದೆ’ ಎನ್ನುತ್ತಿರುವಾಗಲೇ ಎಂಆರ್‌ಐಯಲ್ಲಿ ಆ ಮೂಳೆ ಬೇರೆ ಬಣ್ಣಕ್ಕೆ ತಿರುಗಿರುತ್ತದೆ. ಬಿಲ್ಲೆ ಇನ್ನೂ ಉಳಿದಿದೆಯೇ, ಕೀವಿನ ಚೀಲದ ಗೋಡೆ ತೆಳುವೇ ದಪ್ಪವೇ, ಸೋಂಕು ಮೂಳೆಯ ಮುಂದಿನ ಪಟ್ಟಿಯಡಿ ನುಸುಳಿ ಮೇಲೆ ಕೆಳಗೆ ಹರಿದಿದೆಯೇ, ಬೆನ್ನುಹುರಿ ಒತ್ತಿದೆಯೇ ಎಂಬುದೆಲ್ಲ ಕಾಣುತ್ತದೆ. ತೆಳು ಗೋಡೆಯ ದೊಡ್ಡ ಚೀಲ, ಬಹಳ ದಿನ ಉಳಿದ ಬಿಲ್ಲೆ, ಉದ್ದಕ್ಕೆ ಹಬ್ಬಿದ ಸೋಂಕು ಇದ್ದರೆ ವೈದ್ಯರ ಅನುಮಾನ ಕ್ಷಯದ ಕಡೆಗೆ ವಾಲುತ್ತದೆ.

ಆದರೂ ಅನುಮಾನವೇ. ಬೇರೆ ರೋಗಾಣುಗಳೂ ಬೆನ್ನು ಹಿಡಿಯುತ್ತವೆ. ದನಕರು, ಕುರಿಮೇಕೆಗಳ ನಡುವೆ ಬದುಕುವ, ಕಾಯಿಸದ ಹಾಲು ಕುಡಿಯುವ ಕಡೆ ಬ್ರುಸೆಲ್ಲಾ ಎಂಬ ರೋಗಾಣು ಹೆಚ್ಚುಕಡಿಮೆ ಇದೇ ಚಿತ್ರ ಬಿಡಿಸಬಲ್ಲದು. ಕ್ಯಾನ್ಸರ್ ಕೂಡ ಬಂದು ಕೂರಬಹುದು. ಅದಕ್ಕಾಗಿ ಸಿಟಿ ಸ್ಕ್ಯಾನಿನ ಸಹಾಯದಿಂದ ಸೂಜಿ ಚುಚ್ಚಿ ಮೂಳೆಯ ಚೂರನ್ನೋ ಕೀವನ್ನೋ ತೆಗೆದು ಪರೀಕ್ಷಿಸಬೇಕು. ಹಿಂದೆ ರೋಗಾಣು ಬೆಳೆಸಿ ನೋಡಲು ವಾರಗಟ್ಟಲೆ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರಿನಲ್ಲಿ ಒಪ್ಪಿದ, ನಮ್ಮಲ್ಲಿ ಸಿಬಿನಾಟ್ ಎಂದು ಕರೆಯುವ ಯಂತ್ರ ಸುಮಾರು ಎರಡು ಗಂಟೆಯಲ್ಲಿ ರೋಗಾಣುವಿನ ವಂಶವಾಹಿಯನ್ನು ಗುರುತಿಸುತ್ತದೆ. ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆಯೇ ಇಲ್ಲವೇ ಎಂದೂ ಹೇಳುತ್ತದೆ. ರಕ್ತ ‘ಏನೋ ಇದೆ’ ಎನ್ನುತ್ತದೆ, ಚಿತ್ರ ‘ಇಲ್ಲಿದೆ’ ಎನ್ನುತ್ತದೆ, ಚೂರು ‘ಇಂಥದ್ದು’ ಎನ್ನುತ್ತದೆ. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದಾಗಲೇ ಕಾಯಿಲೆಯ ಹೆಸರು ನಿಲ್ಲುವುದು.

ಚಿಕ್ಕಮ್ಮನ ವಿಷಯದಲ್ಲಿ ಆಗದೆ ಹೋದದ್ದು ಇದೇ. 2022ರ ಅಡಿಕೆ ಸುಗ್ಗಿಯಲ್ಲಿ, ಮೆಟ್ಟುಗತ್ತಿಯ ಮುಂದೆ ಕೂತು ದಿನವಿಡೀ ಅಡಿಕೆ ಸುಲಿಯುತ್ತಿದ್ದಾಗ ಅವಳಿಗೆ ಬೆನ್ನು ನೋವು ಶುರುವಾಯಿತು. ಸುಗ್ಗಿಯಲ್ಲಿ ಯಾರಿಗೆ ಬೆನ್ನು ನೋಯುವುದಿಲ್ಲ? ಅದಕ್ಕೂ ಒಂದು ಕಾರಣ ಸಿದ್ಧವಾಗಿಯೇ ಇತ್ತು. ಸುಗ್ಗಿ ಮುಗಿದರೂ ನೋವು ಹೋಗಲಿಲ್ಲ. ಮಲಗಿದರೆ ಹೆಚ್ಚಾಗುತ್ತಿತ್ತು. ಸಂಜೆಯಾದರೆ ಮೈ ಬೆಚ್ಚಗೆ. ಊಟ ಸೇರುತ್ತಿರಲಿಲ್ಲ, ಕುಪ್ಪಸ ಸಡಿಲವಾಗಿತ್ತು. ಒಬ್ಬ ವೈದ್ಯರು ಎಕ್ಸ್‌ರೇ ತೆಗೆಸಿ ಏನೂ ಇಲ್ಲ, ವಯಸ್ಸಿನ ಸವೆತ ಎಂದು ನೋವಿನ ಮಾತ್ರೆ ಕೊಟ್ಟರು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು, ಇಎಸ್‌ಆರ್ 78. ರಕ್ತದಲ್ಲಿ ಸ್ವಲ್ಪ ಸೋಂಕಿದೆ ಎಂದು ಐದು ದಿನ ಇಂಜೆಕ್ಷನ್ ಆಯಿತು. ಎಕ್ಸ್‌ರೇ ನೋಡಿದವರು ರಕ್ತದ ಚೀಟಿ ನೋಡಲಿಲ್ಲ. ರಕ್ತದ ಚೀಟಿ ನೋಡಿದವರು ರಾತ್ರಿ ನೋವು ಹೇಗಿರುತ್ತದೆ ಎಂದು ಕೇಳಲಿಲ್ಲ. ಎರಡೂ ಕಾಗದ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಗೂಡಿನ ಮೇಲೆ, ಐದು ತಿಂಗಳು ಕೂತಿದ್ದವು. ನನ್ನ ಕೆಲಸದಲ್ಲಿ ಇದು ದಿನವೂ ಕಾಣುವ ಸಂಗತಿ. ಒಂದು ಘಟನೆಯ ಅರ್ಧ ಒಂದು ಕಡತದಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಯಾರಾದರೂ ಜೋಡಿಸುವವರೆಗೆ ಅದು ನಡೆದೇ ಇಲ್ಲ. ರಜೆಗೆ ಬಂದಾಗೆಲ್ಲ ಆ ಕವರನ್ನು ನಾನೂ ಕಂಡಿದ್ದೆ. ಬಿಚ್ಚಿ ನೋಡಿರಲಿಲ್ಲ.

ಕಡೆಗೆ ಜೋಡಿಸಿದ್ದು ಒಂದು ಚಪ್ಪಲಿ. 2023ರ ಬೇಸಿಗೆಯ ಹೊತ್ತಿಗೆ ಚಿಕ್ಕಮ್ಮ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹೋಗುತ್ತಿತ್ತು, ಹೋದದ್ದು ಅವಳಿಗೆ ತಿಳಿಯುತ್ತಿರಲಿಲ್ಲ. ದಾವಣಗೆರೆಯಲ್ಲಿ ನೋಡಿದ ವೈದ್ಯರಿಗೆ ಅವಳು ಮೊದಲು ಹೇಳಿದ್ದೇ ಇದನ್ನು. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕಾಲಿನ ಬಿಗಿತ ನೋಡಿದರು, ಬೆನ್ನಿನುದ್ದಕ್ಕೂ ಬೆರಳಿಂದ ತಟ್ಟಿದರು. ಒಂದು ಕಡೆ ಅವಳು ಚೀರಿದಳು. ಆ ಕವರನ್ನು ಕೇಳಿ ಪಡೆದು, ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅದೇ ದಿನ ಎಂಆರ್‌ಐ ಆಯಿತು. ವಾರದೊಳಗೆ ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆ, ಸಿಬಿನಾಟ್, ಹೆಸರು. ಬೆನ್ನುಕ್ಷಯಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಕಡಿಮೆ. ಔಷಧಿ ಸರ್ಕಾರದಿಂದ ಉಚಿತ. ಮೂರನೇ ತಿಂಗಳಿಗೆ ಚಪ್ಪಲಿ ಕಾಲಲ್ಲಿ ನಿಂತಿತು. ಬೆನ್ನಿನಲ್ಲಿ ಇವತ್ತಿಗೂ ಒಂದು ಸಣ್ಣ ಬಾಗು ಇದೆ, ಸೀರೆ ಉಟ್ಟರೆ ಕಾಣುವುದಿಲ್ಲ. ಅದು ಆ ಐದು ತಿಂಗಳಿನ ಲೆಕ್ಕ.

ಗಮನಿಸಿ, ಅವತ್ತು ದಾವಣಗೆರೆಯಲ್ಲಿ ಮೊದಲು ಕೆಲಸ ಮಾಡಿದ್ದು ಯಂತ್ರವಲ್ಲ. ಪರ್ಸಿವಲ್ ಪಾಟ್‌ನ ಕೈಯಲ್ಲಿದ್ದ ಅದೇ ಎರಡು ಸಲಕರಣೆ, ಜೊತೆಗೆ ಒಂದು ಕಿವಿ. ಎಂಆರ್‌ಐ ಬಂದದ್ದು ಆಮೇಲೆ. ತುಮಕೂರಿನ ಹಳ್ಳಿಗರಂತೆ ಚಿಕ್ಕಮ್ಮನೂ ಸರಿಯಾದ ಹೊತ್ತಿಗೇ ಹೋಗಿದ್ದಳು, ಎರಡೆರಡು ಸಲ. ಅವಳಿಗೆ ಸಿಕ್ಕಿದ್ದು ಕೆಮ್ಮಿನ ಬಾಟಲಿಯ ಬದಲು ನೋವಿನ ಮಾತ್ರೆ. ಅರವತ್ತು ವರ್ಷದಲ್ಲಿ ಯಂತ್ರಗಳು ಬಹಳ ಬದಲಾಗಿವೆ. ಬೆನ್ನುನೋವು ಎಂದು ಬಂದವರಿಗೆ ಎಷ್ಟು ವಾರದಿಂದ, ರಾತ್ರಿ ಹೇಗೆ, ಸಂಜೆ ಜ್ವರವೇ, ತೂಕ ಇಳಿದಿದೆಯೇ, ಕಾಲು ಹಿಡಿತದಲ್ಲಿದೆಯೇ ಎಂದು ಕೇಳಲು ಇವತ್ತಿಗೂ ಯಂತ್ರ ಬೇಕಿಲ್ಲ. ಆ ಪ್ರಶ್ನೆಗಳನ್ನು ಮನೆಯವರಾದ ನಾವೂ ಕೇಳಬಹುದಿತ್ತು.

ಫಿಲ್ಮು ನೋಡಿದ ಆ ಸಂಜೆ ‘ನಂದೂ ಇಲ್ಲೇ’ ಅಂದ ಅಜ್ಜಿಯನ್ನು ನಾನು ಮೊದಲ ಸಲ ಕೇಳಿದೆ: ಬಾವಿಕಟ್ಟೆಯಲ್ಲಿ ಬಿದ್ದ ಮೇಲೆ ನೋವು ಬಂತೋ, ನೋವಿದ್ದೇ ಬಿದ್ದೆಯೋ? ಅವಳು ಯೋಚಿಸಲೇ ಇಲ್ಲ. ಈ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆ ಎಂದು ಕಾಯುತ್ತಿದ್ದವಳ ಹಾಗೆ ಹೇಳಿದಳು:

‘ನೋವು ಮದ್ಲೇ ಇತ್ತಪ್ಪ. ಅಡಿಕೆ ಸುಗ್ಗಿಯಿಂದ್ಲೂ ಇತ್ತು. ಕಾಲು ಮಾತು ಕೇಳ್ತಿರ್ಲಿಲ್ಲ. ಅದಕ್ಕೇ ಬಿದ್ದಿದ್ದು.’

ಹಾಗಾದರೆ ಅವತ್ತು ಯಾರಿಗೂ ಯಾಕೆ ಹೇಳಲಿಲ್ಲ ಎಂದೆ.

‘ಹೇಳಿದ್ದೆ’ ಅಂದಳು. ಆಮೇಲೆ ಫಿಲ್ಮನ್ನು ಟವೆಲ್ಲಿನಲ್ಲಿ ಜೋಪಾನವಾಗಿ ಸುತ್ತಿ ಚಿಕ್ಕಮ್ಮನ ಕೈಗೆ ಕೊಟ್ಟಳು.